ಯುರೇನಿಯಂ ಗಣಿಯ ಮೇಲ್ವಿಚಾರಣೆ ಮತ್ತು ನಿಮ್ಮ ಬಾವಿಯ ಮೊದಲ ಲೆಕ್ಕ



ಬೀಳಗಿ ತಾಲೂಕಿನ ಕೃಷ್ಣಾ ತೀರದ ಒಂದು ಹಳ್ಳಿಯಲ್ಲಿ ಮಣ್ಣು ಪರೀಕ್ಷೆಯ ಶಿಬಿರ ನಡೆಸುತ್ತಿದ್ದಾಗ, ಮಾದರಿ ಚೀಲಗಳಿಗೆ ಚೀಟಿ ಕಟ್ಟುತ್ತಿದ್ದ ನನ್ನ ಬಳಿ ಹಿರಿಯ ರೈತರೊಬ್ಬರು ಬಂದು ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬ್ರ, ನಮ್ಮ ಕಡೀ ಕಲ್ಲಿನ್ಯಾಗ ಯುರೇನಿಯಂ ಐತಂತಾರಲ್ರಿ, ಖರೇ ಏನ್ರಿ? ನಾಳೆ ಯಾರರೆ ಬಂದು ಗಣಿ ತಗದು, ನಮ್ಮ ಬಾವಿ ನೀರು ಕೆಟ್ಟರ ಯಾರನ್ನ ಕೇಳೂದ್ರಿ?" ಎಂದರು. ಅವರ ಹೊಲದ ಬಹುಭಾಗ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಪರಿಹಾರದ ದಿನಗಳನ್ನು ನೆನೆದು ಅವರು ಮತ್ತೊಂದು ಮಾತು ಸೇರಿಸಿದರು: "ಪಂಚನಾಮೆದಾಗ ಬರೀದ ಗಿಡ ಗಿಡನ ಅಲ್ಲ ಅಂದ್ರು, ನೋಡ್ರಿ."

ಅಂದು ನಾನು ಅರ್ಧ ಉತ್ತರ ಕೊಟ್ಟು ಬಂದೆ. ನಾನು ಬೇಸಾಯ ಶಾಸ್ತ್ರದವನು, ಪರಮಾಣು ವಿಜ್ಞಾನಿಯಲ್ಲ. ಆದರೆ ನೀರು, ಮಣ್ಣು, ಮೇವು ಇವು ನಮ್ಮ ಶಾಸ್ತ್ರದ ವಿಷಯಗಳೇ ಆದ್ದರಿಂದ ಉಳಿದ ಅರ್ಧ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಕಲ್ಲಿನಲ್ಲಿ ಏನಿದೆ?

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಬೀಳಗಿ ತಾಲೂಕಿನಲ್ಲಿ ಯುರೇನಿಯಂ ಗಣಿ ಇಲ್ಲ. ಆದರೆ ಬೀಳಗಿ, ಮುಧೋಳ, ಬಾದಾಮಿ ಸೀಮೆಯ ಸುಣ್ಣಕಲ್ಲು ಮತ್ತು ಮರಳುಗಲ್ಲಿನ ಪದರಗಳನ್ನು ಭೂಗರ್ಭ ಶಾಸ್ತ್ರಜ್ಞರು ಕಲಾದಗಿ ಮತ್ತು ಬಾದಾಮಿ ಶಿಲಾಸಮೂಹಗಳೆಂದು ಕರೆಯುತ್ತಾರೆ. ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯವು ಈ ಪದರಗಳಲ್ಲಿ ಯುರೇನಿಯಂಗಾಗಿ ಶೋಧನೆ ನಡೆಸುತ್ತ ಬಂದಿದ್ದು, ಬೆಳಗಾವಿ ಜಿಲ್ಲೆಯ ದೇಶನೂರಿನ ಬಳಿ ಮರಳುಗಲ್ಲಿನಲ್ಲಿ ಅದರ ಇರುವಿಕೆಯನ್ನು ಗುರುತಿಸಿದೆ. ಇರುವಿಕೆ ಬೇರೆ, ಗಣಿ ಬೇರೆ. ನೂರು ಕಡೆ ಕೊರೆದರೆ ಒಂದು ಕಡೆ ಗಣಿಯಾದೀತು, ಆಗದೆಯೂ ಇದ್ದೀತು.

ಕರ್ನಾಟಕದಲ್ಲಿ ಗಣಿಯ ಹಂತಕ್ಕೆ ಹತ್ತಿರ ಬಂದಿರುವ ಸ್ಥಳವೆಂದರೆ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿ. ವಿಜಾಪುರದ ಆದಿಲಶಾಹಿಯ ಮೊದಲ ಸುಲ್ತಾನ ಯೂಸುಫ್ ಆದಿಲಶಹಾನ ಗೋರಿ ಇರುವ ಊರು ಇದೇ. ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟು ಸಂಧಿಸುವ ಬಿರುಕಿನ ಉದ್ದಕ್ಕೂ ಇಲ್ಲಿ ಅದಿರು ಇದೆ. ಇದರ ಸತ್ವ ದೇಶದ ಉಳಿದ ನಿಕ್ಷೇಪಗಳಿಗಿಂತ ಹೆಚ್ಚು. ಜಾದೂಗುಡ ಮತ್ತು ತುಮ್ಮಲಪಲ್ಲಿಯ ಅದಿರಿನಲ್ಲಿ ಯುರೇನಿಯಂ ಪ್ರಮಾಣ ನೂರಕ್ಕೆ 0.04ರ ಆಸುಪಾಸು ಇದ್ದರೆ ಗೋಗಿಯಲ್ಲಿ ಸುಮಾರು 0.18 ಎಂದು ಅಂದಾಜು. ಸರಕಾರದ ಯುರೇನಿಯಂ ಕಾರ್ಪೊರೇಶನ್ ಇಲ್ಲಿ ಪರಿಶೋಧನಾ ಗಣಿ ತೋಡಿತು. ಸುತ್ತಲಿನ ಹಳ್ಳಿಗಳವರು ಆಕ್ಷೇಪ ಎತ್ತಿದರು. ಪೂರ್ಣ ಪ್ರಮಾಣದ ಗಣಿಗಾರಿಕೆ ಶುರುವಾಗಿಲ್ಲ.

ಗೋಗಿ ನಮ್ಮಿಂದ ಕೆಳಗಿದೆ. ಅಲ್ಲಿಯ ನೀರು ಬೀಳಗಿಗೆ ಹರಿದು ಬರುವುದಿಲ್ಲ. ಹರಿಯುವುದು ಈ ಕಡೆಯಿಂದ ಆ ಕಡೆಗೆ. ನಿಮ್ಮ ಹೊಲಗಳನ್ನು ಮುಳುಗಿಸಿ ನಿಂತ ಆಲಮಟ್ಟಿಯ ನೀರೇ ನಾರಾಯಣಪುರದ ಎಡದಂಡೆ ಕಾಲುವೆಯಲ್ಲಿ ಸಾಗಿ ಶಹಾಪುರದ ಭತ್ತ ಮತ್ತು ಹತ್ತಿಯ ಹೊಲಗಳಿಗೆ ಉಣಿಸುತ್ತಿದೆ. ಆ ಹೊಲಗಳ ನಡುವೆಯೇ ಈ ಅದಿರು ಮಲಗಿದೆ.

ರೈತನಿಗೆ ಚಿಂತೆ ಕೊಡುವುದು ಉಳಿದ ರಾಡಿ

ಒಂದು ಟನ್ನು ಅದಿರಿನಿಂದ ತೆಗೆಯುವ ಯುರೇನಿಯಂ ತುಮ್ಮಲಪಲ್ಲಿಯಂಥ ಕಡೆ ಅರ್ಧ ಕಿಲೋ ಸಹ ಆಗುವುದಿಲ್ಲ. ಗೋಗಿಯ ಅದಿರಿನಲ್ಲೂ ಎರಡು ಕಿಲೋ ಮೀರದು. ಉಳಿದದ್ದೆಲ್ಲವೂ ಹಿಟ್ಟಿನಂತೆ ಅರೆದ ಕಲ್ಲು ಮತ್ತು ರಾಸಾಯನಿಕ ಬೆರೆತ ನೀರು. ಈ ರಾಡಿಯನ್ನು ಕೊಳವೆಯ ಮೂಲಕ ಒಯ್ದು ಒಡ್ಡು ಕಟ್ಟಿದ ಕೊಳದಲ್ಲಿ ನಿಲ್ಲಿಸುತ್ತಾರೆ. ಯುರೇನಿಯಂ ತೆಗೆದ ಮೇಲೂ ಅದಿರಿನ ಮೂಲ ವಿಕಿರಣದ ನೂರಕ್ಕೆ 85ರಷ್ಟು ಭಾಗ ರಾಡಿಯಲ್ಲೇ ಉಳಿಯುತ್ತದೆ. ಯುರೇನಿಯಂ ಜೊತೆಗೆ ಹುಟ್ಟಿದ ಥೋರಿಯಂ ಮತ್ತು ರೇಡಿಯಂ ಅದರಲ್ಲೇ ಇರುವುದು ಇದಕ್ಕೆ ಕಾರಣ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಣಿಯ ಆಯುಷ್ಯ ಮೂವತ್ತೋ ನಲವತ್ತೋ ವರ್ಷ. ಕೊಳ ಮಾತ್ರ ಅಲ್ಲೇ ಇರುತ್ತದೆ.

ಇದರಲ್ಲಿ ನಮ್ಮ ಎರೆಭೂಮಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. ಇದನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. ಜಾದೂಗುಡದಲ್ಲಿ ಅದಿರನ್ನು ಗಂಧಕಾಮ್ಲದಿಂದ ಕರಗಿಸುತ್ತಾರೆ. ಸುಣ್ಣಕಲ್ಲಿನ ಅದಿರಿಗೆ ಆಮ್ಲ ಹಾಕಿದರೆ ಆಮ್ಲವನ್ನೆಲ್ಲ ಸುಣ್ಣವೇ ಕುಡಿದುಬಿಡುತ್ತದೆ. ಆದುದರಿಂದ ಆಂಧ್ರದ ಕಡಪಾ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿ ಸೋಡಿಯಂ ಕಾರ್ಬೊನೇಟು ಮತ್ತು ಬೈಕಾರ್ಬೊನೇಟಿನಿಂದ, ಅಂದರೆ ಸೋಡಾದಿಂದ, ಒತ್ತಡ ಮತ್ತು ಶಾಖದಲ್ಲಿ ಕರಗಿಸುವ ಕ್ರಮವಿದೆ. ಅಲ್ಲಿಯ ರಾಡಿಯ ನೀರಿನಲ್ಲಿ ಸೋಡಿಯಂ ಲವಣಗಳು ಇರುವುದು ಸಹಜ. ಸೋಡಿಯಂ ಎರೆಭೂಮಿಗೆ ಏನು ಮಾಡುತ್ತದೆಂಬುದನ್ನು ಘಟಪ್ರಭಾ ಕಾಲುವೆಯ ಕೆಳಗಿನ ಸವಳು-ಜವಳು ಭೂಮಿ ಕಂಡ ನಿಮಗೆ ಹೇಳಬೇಕಾಗಿಲ್ಲ. ಜಿಗಟು ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ರಂಧ್ರ ಮುಚ್ಚಿ, ಮಳೆ ಬಂದರೆ ಕೆಸರು, ಒಣಗಿದರೆ ಕಲ್ಲು. ವಿಕಿರಣದ ಮಾತು ಬಿಟ್ಟರೂ ಇಂಥ ನೀರು ಅಂತರ್ಜಲಕ್ಕೆ ಇಳಿದರೆ ಬೇಸಾಯಕ್ಕೆ ಅದೊಂದೇ ಸಾಕು.

ಯುರೇನಿಯಂ ಬಗೆಗೂ ಒಂದು ಮಾತು. ಸುಣ್ಣ ಮತ್ತು ಬೈಕಾರ್ಬೊನೇಟು ಹೆಚ್ಚಿರುವ ನೀರಿನಲ್ಲಿ ಅದು ಸುಲಭವಾಗಿ ಕರಗಿ ದೂರ ಚಲಿಸುತ್ತದೆ. ನಮ್ಮ ಸೀಮೆಯ ಬಹಳಷ್ಟು ಬಾವಿಗಳ ನೀರು ಇಂಥದ್ದೇ. ಬೆಳೆಗಳು ಅದನ್ನು ಹೆಚ್ಚಾಗಿ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ, ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ. ಕಾಳಿಗಿಂತ ಸೊಪ್ಪಿನ ಪಲ್ಯಗಳಲ್ಲಿ ಕೊಂಚ ಹೆಚ್ಚು. ರೇಡಿಯಂನ ಗುಣ ಸುಣ್ಣದ್ದೇ. ದನದ ಮೈಯಲ್ಲಿ ಅದು ಎಲುಬಿಗೂ ಹಾಲಿಗೂ ಹೋಗುತ್ತದೆ. ಸುಣ್ಣ ತುಂಬಿದ ಮಣ್ಣಿನಲ್ಲಿ ಬೆಳೆ ಅದನ್ನು ಕಡಿಮೆ ತೆಗೆದುಕೊಳ್ಳುವುದು ನಮ್ಮ ಅದೃಷ್ಟ. ಕಣಿಕೆಯ ಮೇಲೆ ಕೂತ ಧೂಳನ್ನು ದನ ತಿನ್ನುವುದಕ್ಕೆ ಮಾತ್ರ ಮಣ್ಣಿನ ಗುಣ ಅಡ್ಡ ಬರುವುದಿಲ್ಲ. ಕುಡಿಯುವ ನೀರಿನಲ್ಲಿ ಹೆಚ್ಚಾದ ಯುರೇನಿಯಂ ಮೊದಲು ಹಾನಿ ಮಾಡುವುದು ಮೂತ್ರಪಿಂಡಕ್ಕೆ. ಕುದಿಸಿದರೆ ಅದು ಹೋಗುವುದಿಲ್ಲ.

ಕೊಟ್ಟಾಲದ ಬಾಳೆ ತೋಟಗಳು

ತುಮ್ಮಲಪಲ್ಲಿಯ ತ್ಯಾಜ್ಯದ ಕೊಳ ಇರುವುದು ಕೊಟ್ಟಾಲ ಎಂಬ ಹಳ್ಳಿಯ ಹತ್ತಿರ. ಯೋಜನೆಗೆ 2007ರಲ್ಲಿ ಅಡಿಗಲ್ಲು ಹಾಕಲಾಯಿತು. ಕಾರ್ಖಾನೆ ನಡೆಯತೊಡಗಿದ ಕೆಲವು ವರ್ಷಗಳಲ್ಲಿ ಸುತ್ತಲಿನ ರೈತರು ಬೋರಿನ ನೀರು ಉಪ್ಪಾಯಿತು, ಬಾಳೆ ಒಣಗಿತು ಎಂದು ದೂರಿದರು. ಕೊಳದ ತಳಕ್ಕೆ ಹಾಕಬೇಕಾದ ಒಳಪದರದ ವಿಷಯದಲ್ಲಿ ಆಂಧ್ರದ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಾರ್ಪೊರೇಶನ್ನಿಗೆ ನೋಟಿಸು ಕೊಟ್ಟಿತು. ಕಾರ್ಪೊರೇಶನ್ ತನ್ನ ಕೊಳದಿಂದ ಸೋರಿಕೆಯಾಗಿಲ್ಲವೆಂದು ವಾದಿಸಿತು. ಆ ಭಾಗದ ಕಲ್ಲಿನಲ್ಲೇ ಯುರೇನಿಯಂ ಇರುವುದರಿಂದ ನೀರಿನಲ್ಲೂ ಇದ್ದೀತು ಎಂಬುದು ಇಂಥ ವಾದದ ತಿರುಳು.

ಈ ವಾದವನ್ನು ನಗಬೇಡಿ. ಅದು ನಿಜವಾಗಿರಲೂ ಸಾಧ್ಯ. ಕೋಲಾರ, ತುಮಕೂರು ಕಡೆಯ ಗ್ರಾನೈಟು ಪ್ರದೇಶದಲ್ಲಿ ಯುರೇನಿಯಂ ಗಣಿ ಇಲ್ಲದಿದ್ದರೂ ಆಳದ ಕೊಳವೆ ಬಾವಿಗಳಲ್ಲಿ ಅದು ಮಿತಿ ಮೀರಿ ಕಂಡಿದೆ. ಹಾಗಾದರೆ ಒಂದು ಬಾವಿಯ ಯುರೇನಿಯಂ ಕಲ್ಲಿನಿಂದ ಬಂದದ್ದೋ ಕೊಳದಿಂದ ಬಂದದ್ದೋ ಎಂದು ತೀರ್ಮಾನಿಸುವುದು ಹೇಗೆ? ಅದೇ ಬಾವಿಯಲ್ಲಿ ಗಣಿಗೆ ಮುಂಚೆ ಎಷ್ಟಿತ್ತು ಎಂಬ ಲೆಕ್ಕ ಇರಬೇಕು. ಯೋಜನೆಯ ಪರಿಸರ ವರದಿಯಲ್ಲಿ ಕೆಲವು ಬಾವಿಗಳ ಲೆಕ್ಕ ಇರುತ್ತದೆ, ನಿಜ. ನಿಮ್ಮ ಬಾವಿ ಆ ಕೆಲವರಲ್ಲಿ ಇರಲೇಬೇಕೆಂದೇನೂ ಇಲ್ಲ.

ಕಬ್ಬು ಬೆಳೆಯುವ ನಿಮಗೆ ಇದು ಹೊಸದಲ್ಲ. ಕಾರ್ಖಾನೆಯ ಕಾಟಾದ ಮೇಲೆ ಗಾಡಿ ನಿಲ್ಲಿಸುವ ಮುಂಚೆ ಹೊರಗಿನ ಕಾಟಾದಲ್ಲಿ ತೂಗಿಸಿ ಚೀಟಿ ಇಟ್ಟುಕೊಂಡವನು ತೂಕದ ತಕರಾರು ಮಾಡಬಲ್ಲ. ಚೀಟಿ ಇಲ್ಲದವನು ಬರೀ ಬಾಯಿ ಮಾಡಬೇಕು.

ಯಾರು ಏನನ್ನು ನೋಡಿಕೊಳ್ಳುತ್ತಾರೆ?

ಯುರೇನಿಯಂ ಗಣಿಗೆ ಒಬ್ಬ ಒಡೆಯನಿದ್ದರೂ ಮೇಲ್ವಿಚಾರಕರು ಹಲವರು. ಅಣು ಖನಿಜಗಳ ಗಣಿ ಗುತ್ತಿಗೆಯನ್ನು ರಾಜ್ಯ ಸರಕಾರ ಕೇಂದ್ರದ ಪೂರ್ವಾನುಮತಿ ಪಡೆದು ಕೊಡುತ್ತದೆ. 2016ರ ನಿಯಮಗಳ ಮೇರೆಗೆ ಗಣಿ ಯೋಜನೆಗೆ ಒಪ್ಪಿಗೆ ಕೊಡುವುದು ಪರಮಾಣು ಖನಿಜ ನಿರ್ದೇಶನಾಲಯ, ಅಂದರೆ ಅದಿರು ಹುಡುಕಿದ ಇಲಾಖೆಯೇ. ಗಣಿಯೊಳಗೆ ಚಾವಣಿ ಕುಸಿಯದಂತೆ, ಗಾಳಿ ಆಡುವಂತೆ ನೋಡಿಕೊಳ್ಳುವುದು ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕೆಲಸ. ನೀರು ಮತ್ತು ಗಾಳಿಯ ಮಾಲಿನ್ಯಕ್ಕೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. ಪರಿಸರ ಅನುಮತಿಗೆ ಕೇಂದ್ರದ ಪರಿಸರ ಮಂತ್ರಾಲಯ.

ವಿಕಿರಣದ ವಿಷಯಕ್ಕೆ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಇದು 1983ರ ನವೆಂಬರ್ 15ರಂದು ರಚನೆಯಾಯಿತು. ಜಾಗದ ಆಯ್ಕೆ, ಕಟ್ಟಡ, ಚಾಲನೆ ಎಂದು ಹಂತ ಹಂತವಾಗಿ ಇದು ಪರವಾನಿಗೆ ಕೊಡುತ್ತದೆ, ತಪಾಸಣೆ ಮಾಡುತ್ತದೆ. ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಊರಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಿ ವಿಕಿರಣ ತಗಲಕೂಡದೆಂಬುದು ಮಿತಿ. ಮೈಸೂರಿನ ಹತ್ತಿರದ ರತ್ನಹಳ್ಳಿಯ ಯುರೇನಿಯಂ ಘಟಕದಂಥ ಭಾಭಾ ಅಣು ಸಂಶೋಧನಾ ಕೇಂದ್ರದ ಸ್ಥಾವರಗಳನ್ನು 2000ರಲ್ಲಿ ಈ ಮಂಡಳಿಯ ವ್ಯಾಪ್ತಿಯಿಂದ ತೆಗೆದು ಆ ಕೇಂದ್ರದ ಒಳ ಸಮಿತಿಗೇ ವಹಿಸಲಾಯಿತು. ಯುರೇನಿಯಂ ಕಾರ್ಪೊರೇಶನ್ನಿನ ಗಣಿಗಳು ಮಾತ್ರ ಮಂಡಳಿಯ ಕೆಳಗೇ ಇವೆ.

ಈ ವ್ಯವಸ್ಥೆಯಲ್ಲಿ ಒಂದು ದೋಷವನ್ನು ಹೊರಗಿನವರಲ್ಲ, ಭಾರತದ ಮಹಾಲೇಖಪಾಲರೇ 2012ರ ತಮ್ಮ ವರದಿಯಲ್ಲಿ ಎತ್ತಿ ತೋರಿಸಿದರು. ಮಂಡಳಿಗೆ ಸ್ವಂತ ಶಾಸನದ ಬಲವಿರಲಿಲ್ಲ. ಅಣುಶಕ್ತಿ ಇಲಾಖೆಯ ಕೆಲಸವನ್ನು ಪರೀಕ್ಷಿಸಬೇಕಾದವರು ಅದೇ ಇಲಾಖೆಯ ಮನೆಯೊಳಗಿದ್ದರು. 2025ರ ಡಿಸೆಂಬರಿನಲ್ಲಿ ಸಂಸತ್ತು 1962ರ ಪರಮಾಣು ಶಕ್ತಿ ಕಾಯ್ದೆಯ ಬದಲಿಗೆ ಹೊಸ ಕಾನೂನನ್ನು ಅಂಗೀಕರಿಸಿ ಮಂಡಳಿಗೆ ಶಾಸನದ ನೆಲೆ ಒದಗಿಸಿತು. ಇದು ಒಳ್ಳೆಯದೇ. ಆದರೆ ನಿಮ್ಮ ಬಾವಿಗೆ ಬಾಟಲಿ ಹಿಡಿದು ಬರುವವನು ಯಾರು, ಅವನು ವರದಿಯನ್ನು ಯಾರಿಗೆ ಕೊಡುತ್ತಾನೆ ಎಂಬುದು ನನಗೆ ಶಾಸನಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಜಾದೂಗುಡದಲ್ಲಿ 2006ರ ಡಿಸೆಂಬರ್ 24ರಂದು ರಾಡಿಯ ಕೊಳವೆ ಒಡೆದು ಹಳ್ಳಕ್ಕೆ ಹರಿದಾಗ, ಅದನ್ನು ಮೊದಲು ಕಂಡು ತಿಳಿಸಿದವರು ಹಳ್ಳಿಯ ಜನ ಎಂದು ವರದಿಯಾಗಿದೆ. ಅಮೇರಿಕೆಯ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ 1979ರ ಜುಲೈ 16ರಂದು ಒಡ್ಡು ಬಿರಿದು ಸುಮಾರು 35 ಕೋಟಿ ಲೀಟರು ನೀರು ನದಿಗೆ ಸೇರಿತು. ಅದರ ಹಿಂದಿನ ವರ್ಷವಷ್ಟೇ ಆ ದೇಶ ಯುರೇನಿಯಂ ರಾಡಿಗೆಂದೇ ಪ್ರತ್ಯೇಕ ಕಾನೂನು ಮಾಡಿತ್ತು. ಅದರ ಮೇರೆಗೆ ಬಂದ ನಿಯಮಗಳ ಪ್ರಕಾರ ಮುಚ್ಚಿದ ಕೊಳ ಸಾಧ್ಯವಾದಷ್ಟು ಮಟ್ಟಿಗೆ 1000 ವರ್ಷ, ಏನಿದ್ದರೂ 200 ವರ್ಷ ಭದ್ರವಾಗಿರಬೇಕು.

ಅಹವಾಲು ಸಭೆಯ ಬದಲಾವಣೆ

ಇಲ್ಲಿ ರೈತರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೆ ಅನುಮತಿ ಕೊಡುವ ಮುಂಚೆ ಸ್ಥಳದಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಿತ್ತು. ತುಮ್ಮಲಪಲ್ಲಿಗೂ 2006ರಲ್ಲಿ ಸಭೆ ನಡೆದಿತ್ತು. ನಿಮ್ಮ ಮಾತು ದಾಖಲೆಗೆ ಸೇರುವ ಒಂದೇ ಒಂದು ದಿನ ಅದು. 2025ರ ಸೆಪ್ಟೆಂಬರ್ 8ರ ಒಂದು ಜ್ಞಾಪನದ ಮೂಲಕ ಕೇಂದ್ರ ಪರಿಸರ ಮಂತ್ರಾಲಯವು ಅಣು ಖನಿಜ ಮತ್ತು ಇತರ ಮಹತ್ವದ ಖನಿಜಗಳ ಗಣಿಗಳಿಗೆ ಈ ಸಭೆಯಿಂದ ವಿನಾಯಿತಿ ಕೊಟ್ಟಿತು. ದೇಶಕ್ಕೆ ವಿದ್ಯುತ್ತೂ ಬೇಕು, ಯುರೇನಿಯಂ ಕೂಡ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯವರ ಬಾವಿಗಳ ವಿಷಯ ಸಭೆಯಲ್ಲಿ ಬಾರದೆ ಹೋದರೆ ಅದು ವರದಿಯಲ್ಲೂ ಬರುವ ಸಂಭವ ಕಡಿಮೆ. ಈ ವಿನಾಯಿತಿ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಸಭೆ ಇಲ್ಲದಿದ್ದರೂ ಉಳಿದ ಬಾಗಿಲುಗಳು ಇವೆ. ಪರಿಸರ ಅನುಮತಿ ಪತ್ರದ ಪ್ರತಿಯನ್ನು ಯೋಜನೆಯವರು ಗ್ರಾಮ ಪಂಚಾಯತಿಗೆ ಕೊಡಬೇಕು, ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅದರಲ್ಲಿನ ಷರತ್ತುಗಳನ್ನು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ಕೊಡುವ ವರದಿ ಸಾರ್ವಜನಿಕ ದಾಖಲೆ. ಅನುಮತಿಗೆ ತಕರಾರಿದ್ದರೆ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. 1974ರ ಜಲ ಕಾಯ್ದೆಯ 25ನೆಯ ಕಲಮಿನ ಪ್ರಕಾರ ಮಾಲಿನ್ಯ ಮಂಡಳಿಯು ಒಪ್ಪಿಗೆಯ ಷರತ್ತುಗಳ ರಿಜಿಸ್ಟರು ಇಡಬೇಕು. ಬಾಧಿತನಾದ ಯಾರೇ ಆಗಲಿ ಅದನ್ನು ನೋಡಬಹುದು. ಈ ರಿಜಿಸ್ಟರನ್ನು ಕೇಳಿ ನೋಡಿದ ಒಬ್ಬ ರೈತನನ್ನೂ ನಾನು ಇದುವರೆಗೆ ಕಂಡಿಲ್ಲ.

ಮೊದಲ ಲೆಕ್ಕವನ್ನು ಬರೆದಿಡುವ ಕ್ರಮ

ಇದನ್ನು ಗಣಿ ಬರುವ ಸುದ್ದಿ ಹಬ್ಬಿದ ಮೇಲೆ ಮಾಡಿದರೆ ತಡವಾಗುತ್ತದೆ. ಕೊರೆಯುವ ಯಂತ್ರ ಊರಿಗೆ ಬಂದ ದಿನವೇ ಆರಂಭಿಸತಕ್ಕದ್ದು. ಯಂತ್ರ ಕೊರೆದ ತೂತುಗಳ ಸರ್ವೆ ನಂಬರು ಬರೆದಿಡಿ. ಕೆಲಸ ಮುಗಿದ ಮೇಲೆ ತೂತನ್ನು ಮುಚ್ಚಿದ್ದಾರೆಯೇ ಎಂದು ಕೇಳಿ. ಮೇಲಿನ ನೀರಿನ ಪದರವನ್ನೂ ಕೆಳಗಿನದನ್ನೂ ಕೂಡಿಸುವ ತೆರೆದ ತೂತು ಒಳ್ಳೆಯದಲ್ಲ.

ಬಾವಿಯ ನೀರನ್ನು ವರ್ಷಕ್ಕೆ ಎರಡು ಬಾರಿ ತೆಗೆಯಬೇಕು: ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರಿ ಬಿತ್ತನೆ ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ. ಎರಡರಲ್ಲೂ ಲವಣಗಳ ಪ್ರಮಾಣ ಬೇರೆಯಾಗುತ್ತದೆ. ಒಂದೇ ಋತುವಿನ ಲೆಕ್ಕವಿದ್ದರೆ ಎದುರಿನವರು ಅದನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. ಮೋಟರನ್ನು 10-15 ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಬೇಕು. ಎಣ್ಣೆ ಅಥವಾ ಔಷಧಿಯ ಹಳೆಯ ಬಾಟಲಿ ಕೂಡದು. ಯುರೇನಿಯಂ ಪರೀಕ್ಷೆಗೆ ಬೇರೆ ಬಾಟಲಿ ಬೇಕು. ಅದಕ್ಕೆ ಕೆಲವು ಹನಿ ನೈಟ್ರಿಕ್ ಆಮ್ಲ ಸೇರಿಸಿಡುವುದರಿಂದ ಯುರೇನಿಯಂ ಬಾಟಲಿಯ ಗೋಡೆಗೆ ಅಂಟುವುದಿಲ್ಲ. ಇದನ್ನು ಪ್ರಯೋಗಾಲಯದವರೇ ಸಿದ್ಧಪಡಿಸಿ ಕೊಡುವಂತೆ ಮುಂಚಿತವಾಗಿ ಕೇಳಿಕೊಳ್ಳಿ. ಆಮ್ಲವನ್ನು ಮನೆಯಲ್ಲಿ ಮುಟ್ಟಬೇಡಿ.

ಚೀಟಿಯ ಮೇಲೆ ಸರ್ವೆ ನಂಬರು, ಬಾವಿಯ ಆಳ, ನೀರು ಎಷ್ಟು ಅಡಿಗೆ ನಿಂತಿದೆ, ತಾರೀಖು, ತೆಗೆದವರ ಸಹಿ, ಪಕ್ಕದ ಹೊಲದ ಒಬ್ಬರ ಸಾಕ್ಷಿ ಸಹಿ ಇರಲಿ. ಪರೀಕ್ಷೆಗೆ ಬರೆದುಕೊಡಬೇಕಾದವು: ರಸಸಾರ, ವಿದ್ಯುತ್ ವಾಹಕತೆ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟು, ಬೈಕಾರ್ಬೊನೇಟು, ಸಲ್ಫೇಟು ಮತ್ತು ಯುರೇನಿಯಂ. ಸಾಮಾನ್ಯ ಮಣ್ಣು-ನೀರು ಪರೀಕ್ಷೆಯ ಚೀಟಿಯಲ್ಲಿ ಯುರೇನಿಯಂ ಇರುವುದಿಲ್ಲ. ಆ ಸಲಕರಣೆ ಇರುವ ಪ್ರಯೋಗಾಲಯಕ್ಕೆ ಪ್ರತ್ಯೇಕವಾಗಿ ಕಳಿಸಬೇಕಾಗುತ್ತದೆ. ಖರ್ಚು ಒಬ್ಬರಿಗೆ ಭಾರವಾದರೆ ಊರಿನ ನಾಲ್ಕು ದಿಕ್ಕಿನ ನಾಲ್ಕು ಬಾವಿಗಳನ್ನು ಆರಿಸಿ ಪಂಚಾಯತಿಯ ಮೂಲಕ ಮಾಡಿಸಿ. ಹಳ್ಳದ ಕೆಳಬದಿಯ ಬಾವಿ ಒಂದು ಇರಲೇಬೇಕು.

ವರದಿ ಬಂದಾಗ ಓದುವುದು ಹೀಗೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೇನಿಯಂ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟುಕೊಂಡ ಮಿತಿ 60. ಎರಡು ಅಳತೆಗೋಲು ಇರುವುದರಿಂದ, ಯಾರಾದರೂ "ಮಿತಿಯೊಳಗಿದೆ" ಎಂದರೆ ಯಾವ ಮಿತಿ ಎಂದು ಕೇಳಿ. ನೀರಾವರಿಗೆ ಉಳಿಕೆ ಸೋಡಿಯಂ ಕಾರ್ಬೊನೇಟು ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಿಮೆ ಇದ್ದರೆ ಒಳ್ಳೆಯ ನೀರು. 2.5 ದಾಟಿದರೆ ಎರೆಭೂಮಿಗೆ ಹಾಯಿಸಬಾರದು. ವರ್ಷದಿಂದ ವರ್ಷಕ್ಕೆ ಸೋಡಿಯಂ ಮತ್ತು ಸಲ್ಫೇಟು ಒಟ್ಟಾಗಿ ಏರುತ್ತ ಹೋದರೆ, ಯುರೇನಿಯಂ ಇನ್ನೂ ಏರದಿದ್ದರೂ ಎಚ್ಚರಗೊಳ್ಳಿ. ಸೋಡಾ ಬಳಸುವ ಕಾರ್ಖಾನೆಯ ಕೊಳ ಸೋರಿದರೆ ಮೊದಲು ಮುಂದೆ ಓಡಿ ಬರುವವು ಈ ಲವಣಗಳು. ಇವುಗಳ ಪರೀಕ್ಷೆ ಅಗ್ಗ, ಯಾವ ಮಣ್ಣು-ನೀರು ಪ್ರಯೋಗಾಲಯದಲ್ಲೂ ಆಗುತ್ತದೆ.

ಮಣ್ಣಿನ ಮಾದರಿಯನ್ನು ಎಂದಿನಂತೆ ತೆಗೆಯಿರಿ. ಆದರೆ ಮೇಲಿನ 15 ಸೆಂಟಿಮೀಟರು ಬೇರೆ, ಅದರ ಕೆಳಗಿನ 15 ಬೇರೆ ಮಾಡಿ, ವಿನಿಮಯ ಸೋಡಿಯಂನ ಶೇಕಡಾವಾರು ಕೇಳಿ. ಒಂದು ಸೇರಿನಷ್ಟು ಮಣ್ಣನ್ನು ನೆರಳಲ್ಲಿ ಒಣಗಿಸಿ, ಗಾಜಿನ ಭರಣಿಯಲ್ಲಿ ಹಾಕಿ, ಚೀಟಿ ಅಂಟಿಸಿ, ಇಬ್ಬರ ಸಹಿಯೊಂದಿಗೆ ಸೀಲು ಮಾಡಿ ಇಟ್ಟುಬಿಡಿ. ಒಣಗಿದ ಮಣ್ಣು ಇಪ್ಪತ್ತು ವರ್ಷದ ನಂತರವೂ ಯುರೇನಿಯಂ ಮತ್ತು ರೇಡಿಯಂ ಲೆಕ್ಕವನ್ನು ಹೇಳಬಲ್ಲದು. ನೀರು ಹಾಗೆ ಉಳಿಯುವುದಿಲ್ಲ.

ಎಲ್ಲ ವರದಿಗಳ ಒಂದು ಪ್ರತಿಯನ್ನು ಗ್ರಾಮಸಭೆಯ ಮುಂದಿಟ್ಟು ಠರಾವಿನಲ್ಲಿ ನಮೂದಿಸಿರಿ. ಠರಾವಿನ ಪ್ರತಿಯನ್ನು ತಹಶೀಲ್ದಾರರಿಗೂ ಮಾಲಿನ್ಯ ಮಂಡಳಿಯ ಜಿಲ್ಲಾ ಕಚೇರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ವರದಿಯ ಜೊತೆಗೇ ಪಿನ್ನು ಮಾಡಿ ಇಡಿ. ಬೀಳಗಿಯ ಆ ಹಿರಿಯರು ತಮ್ಮ ಉಳಿದ ಎರಡು ಎಕರೆಯ ಬಾವಿಯ ನೀರನ್ನು ಬರುವ ಮೇ ತಿಂಗಳಲ್ಲಿ ತರುತ್ತೇನೆಂದು ಹೇಳಿದ್ದಾರೆ. ಬಾಟಲಿಗಳನ್ನು ನಾನೇ ಕಳಿಸಿಕೊಟ್ಟಿದ್ದೇನೆ.